ಸರ್ವರ್ ಚಿಪ್ಪುಗಳು ಆಟದ ಮೇಜಿಗೆ ಬಂದ ದಾರಿ

2003ರ ಸೆಪ್ಟೆಂಬರಿನಲ್ಲಿ ಕಂಪ್ಯೂಟರ್ ಆಟಗಾರರಿಗೆಂದೇ ಎರಡು ದುಬಾರಿ ಪ್ರೊಸೆಸರುಗಳು ಬೆನ್ನಬೆನ್ನಿಗೇ ಘೋಷಣೆಯಾದವು. ಒಂದು ಇಂಟೆಲ್‌ನ ಪೆಂಟಿಯಮ್ 4 ಎಕ್ಸ್‌ಟ್ರೀಮ್ ಎಡಿಷನ್, ಇನ್ನೊಂದು ಎಎಮ್‌ಡಿಯ ಅಥ್ಲಾನ್ 64 ಎಫ್‌ಎಕ್ಸ್-51. ಹೆಸರು ಹೊಸದಾದರೂ ಒಳಗಿದ್ದದ್ದು ಸರ್ವರ್ ಚಿಪ್ಪೇ. ಜಿಯಾನ್ ಸರ್ವರುಗಳಿಗೆಂದು ಮಾಡಿದ್ದ, 2 ಎಂಬಿ ಮೂರನೇ ಹಂತದ ಕ್ಯಾಶ್ (ಪ್ರೊಸೆಸರಿನ ಕೈಗೆ ಬೇಗ ಸಿಗುವ ಪುಟ್ಟ ಮೆಮೊರಿ) ಇದ್ದ ಚಿಪ್ಪನ್ನು ಇಂಟೆಲ್ ಡೆಸ್ಕ್‌ಟಾಪ್ ಸಾಕೆಟ್ಟಿಗೆ ಹೊಂದಿಸಿ ಮಾರಿತು. ಎಎಮ್‌ಡಿಯದಂತೂ ಆಪ್ಟೆರಾನ್ ಸರ್ವರ್ ಚಿಪ್ಪು ಕೂರುವ 940 ಪಿನ್ನಿನ ಸಾಕೆಟ್ಟಿನಲ್ಲೇ ಕೂರುತ್ತಿತ್ತು. ಸರ್ವರಿಗೆ ಹಾಕುವ ರಿಜಿಸ್ಟರ್ಡ್ ಮೆಮೊರಿಯೇ ಅದಕ್ಕೆ ಬೇಕಿತ್ತು.

ಅಂದಿನಿಂದ ಇಂದಿನವರೆಗೆ ಡೆಸ್ಕ್‌ಟಾಪಿನ ತುತ್ತತುದಿಯ ಚಿಪ್ಪುಗಳು ಬಹುಪಾಲು ಸರ್ವರ್ ಕಡೆಯಿಂದಲೇ ಬಂದಿವೆ. ಆದರೆ ಆಟ ಬೇಡುವುದೇ ಒಂದು, ಕೆಲಸ ಬೇಡುವುದೇ ಇನ್ನೊಂದು. ಈ ಎರಡನ್ನೂ ಒಂದೇ ಚಿಪ್ಪಿನಲ್ಲಿ ತೀರಿಸಲು ಹೊರಟಾಗ ಏನೇನಾಯಿತು ಎಂಬುದೇ ಈ ಕ್ಷೇತ್ರದ ಚರಿತ್ರೆ. ‘ಎಷ್ಟು ಕೋರ್?’ ಎಂದಷ್ಟೇ ಕೇಳಿ ಲಕ್ಷಗಟ್ಟಲೆ ಸುರಿಯುವವರು ಇವತ್ತಿಗೂ ಇರುವುದರಿಂದ ಆ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕು.

ಮೊದಲ ಪೆಟ್ಟು ಬಿದ್ದದ್ದು 1995ರ ನವೆಂಬರಿನಲ್ಲಿ ಬಂದ ಪೆಂಟಿಯಮ್ ಪ್ರೊಗೆ. ಎರಡನೇ ಹಂತದ ಕ್ಯಾಶನ್ನು ಮದರ್‌ಬೋರ್ಡಿನಿಂದ ಎತ್ತಿ ಪ್ರೊಸೆಸರಿನ ಪೊಟ್ಟಣದೊಳಗೇ ಇಟ್ಟಿದ್ದ ಆ ಚಿಪ್ಪು ವಿಂಡೋಸ್ ಎನ್‌ಟಿಯಂಥ ಅಪ್ಪಟ 32 ಬಿಟ್ ವ್ಯವಸ್ಥೆಯಲ್ಲಿ ಅದ್ಭುತವಾಗಿ ಓಡುತ್ತಿತ್ತು. ಮನೆಮನೆಗೆ ಬಂದಿದ್ದ ವಿಂಡೋಸ್ 95ರಲ್ಲಿ ಇನ್ನೂ 16 ಬಿಟ್ಟಿನ ಹಳೆಯ ಕೋಡು ತುಂಬಿತ್ತು. ಅಲ್ಲಿ ಪೆಂಟಿಯಮ್ ಪ್ರೊ ತನಗಿಂತ ಅಗ್ಗದ ಸಾಧಾರಣ ಪೆಂಟಿಯಮ್ಮಿನ ಮುಂದೆಯೂ ಮಂಕಾಗುತ್ತಿತ್ತು. ದುಡ್ಡು ಹೆಚ್ಚು ಕೊಟ್ಟ ಮಾತ್ರಕ್ಕೆ ವೇಗ ಹೆಚ್ಚುವುದಿಲ್ಲ ಎಂಬುದು ಆಗಲೇ ಗೊತ್ತಾಗಿತ್ತು. 1998ರಲ್ಲಿ ಪೆಂಟಿಯಮ್ 2 ಜಿಯಾನ್ ಬಂದ ಮೇಲೆ ಸರ್ವರಿನ ಹೆಸರೇ ಬೇರೆಯಾಯಿತು. ಅದೇ ವರ್ಷದ ಅಗ್ಗದ ಸೆಲೆರಾನ್ 300ಎಯಲ್ಲಿ ಇದ್ದದ್ದು ಬರೀ 128 ಕೆಬಿ ಕ್ಯಾಶ್. ಆದರೆ ಅದು ಕೋರ್ ಇದ್ದ ಚಿಪ್ಪಿನಲ್ಲೇ ಇದ್ದು, ಕೋರಿನ ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಆಟಗಾರರು ಅದನ್ನು 300ರಿಂದ 450 ಮೆಗಾಹರ್ಟ್ಸಿಗೆ ಏರಿಸಿ, ತನಗಿಂತ ಎಷ್ಟೋ ದುಬಾರಿಯಾದ ಪೆಂಟಿಯಮ್ 2ರ ಸಮಕ್ಕೆ ತಂದು ನಿಲ್ಲಿಸಿದರು.

ಡೆಸ್ಕ್‌ಟಾಪಿಗೆ ಸರ್ವರ್ ಕಡೆಯಿಂದ ಬಂದ ದೊಡ್ಡ ಕೊಡುಗೆ 2003ರ ಏಪ್ರಿಲಿನ ಆಪ್ಟೆರಾನ್. 64 ಬಿಟ್ ಎಂದು ಎಲ್ಲರೂ ಅದನ್ನು ನೆನೆಯುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅದುವರೆಗೆ ಪ್ರೊಸೆಸರಿಗೆ ಮೆಮೊರಿಯಿಂದ ಏನು ಬೇಕಾದರೂ ಮದರ್‌ಬೋರ್ಡಿನ ಮೇಲಿನ ಬೇರೊಂದು ಚಿಪ್ಪಿನ ಮೂಲಕ ತರಿಸಿಕೊಳ್ಳಬೇಕಿತ್ತು. ಎಎಮ್‌ಡಿ ಮೆಮೊರಿ ನಿಯಂತ್ರಕವನ್ನು ಪ್ರೊಸೆಸರಿನೊಳಕ್ಕೇ ತಂದಿತು. ನಾಲ್ಕು ಸಾಕೆಟ್ಟಿನ ಸರ್ವರಿನ ಪ್ರೊಸೆಸರುಗಳು ಒಂದೇ ದಾರಿಗಾಗಿ ಕಾದಾಡುವುದು ತಪ್ಪಲಿ ಎಂಬುದು ಅದರ ಉದ್ದೇಶ. ಆದರೆ ಮೆಮೊರಿಗಾಗಿ ಕಾಯುವುದು ಕಡಿಮೆಯಾದ ಲಾಭ ಆಟಗಾರರಿಗೂ ದಕ್ಕಿತು. ಇಂಟೆಲ್ ಇದೇ ಹೆಜ್ಜೆ ಇಟ್ಟದ್ದು 2008ರ ನವೆಂಬರಿನಲ್ಲಿ, ಮೊದಲ ಕೋರ್ ಐ7ರೊಂದಿಗೆ.

ಈ ಕಾಯುವಿಕೆ ಎಷ್ಟರದು? 5 ಗಿಗಾಹರ್ಟ್ಸಿನ ಕೋರ್ ಒಂದು ಸೆಕೆಂಡಿಗೆ 500 ಕೋಟಿ ಸಲ ಬಡಿಯುತ್ತದೆ. ಮೆಮೊರಿಯಿಂದ ಒಂದು ಮಾಹಿತಿ ಬರಲು 80 ನ್ಯಾನೋಸೆಕೆಂಡ್ ಹಿಡಿದರೆ ಆ ಹೊತ್ತಿಗೆ 400 ಬಡಿತ ಕಳೆದಿರುತ್ತವೆ. ಅದೇ ಮಾಹಿತಿ ಮೂರನೇ ಹಂತದ ಕ್ಯಾಶಿನಲ್ಲೇ ಸಿಕ್ಕರೆ ಸುಮಾರು 50 ಬಡಿತಗಳಲ್ಲಿ ಕೈಸೇರುತ್ತದೆ. ಸೆಕೆಂಡಿಗೆ 144 ಚಿತ್ರ ಮೂಡಿಸಬೇಕಾದ ಆಟಕ್ಕೆ ಒಂದೊಂದು ಚಿತ್ರಕ್ಕೂ ಸಿಗುವುದು 7 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಆಟಗಾರನ ಕೈಚಲನೆ ಓದಬೇಕು, ಎದುರಾಳಿ ಎಲ್ಲಿಗೆ ಹೋದ ಎಂದು ಲೆಕ್ಕ ಹಾಕಬೇಕು, ಏನೇನು ಬರೆಯಬೇಕು ಎಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳಬೇಕು. ಒಂದು ಮುಗಿಯದೆ ಇನ್ನೊಂದು ಶುರುವಾಗದು. ಆದ್ದರಿಂದ ಆಟಕ್ಕೆ ಬೇಕಾದದ್ದು ಕಾಯದೆ ಓಡುವ ಕೆಲವೇ ಕೋರುಗಳು.

ಅನಿಮೇಷನ್ ರೆಂಡರಿಂಗ್, ದೊಡ್ಡ ತಂತ್ರಾಂಶದ ಕಂಪೈಲ್, ಗಾಳಿ-ನೀರಿನ ಹರಿವಿನ ಲೆಕ್ಕಾಚಾರ ಇವೆಲ್ಲ ಹೋಳುಹೋಳಾಗಿ ಹಂಚಿಕೊಳ್ಳುವ ಕೆಲಸಗಳು. ಆದರೆ ಹಂಚಿಕೆಗೂ ಮಿತಿಯಿದೆ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ವಾದಿಸಿದ್ದರು. ಹಬ್ಬದ ಮನೆಯಲ್ಲಿ ಒಬ್ಬಟ್ಟು ತಟ್ಟಲು ಎಷ್ಟು ಜನ ಸೇರಿದರೂ ಹೂರಣದ ಬೇಳೆ ಬೇಯುವ ಹೊತ್ತು ಕಡಿಮೆಯಾಗದಲ್ಲ, ಹಾಗೆ. ಒಂದು ಕೆಲಸದ ಶೇ 60ರಷ್ಟನ್ನು ಮಾತ್ರ ಹಂಚಬಹುದು ಎಂದುಕೊಳ್ಳಿ. 8 ಕೋರ್ ಹಾಕಿದರೆ ಅದು 2.1 ಪಟ್ಟು ಬೇಗ ಮುಗಿಯುತ್ತದೆ. 64 ಕೋರ್ ಹಾಕಿದರೆ 2.4 ಪಟ್ಟು. ಐವತ್ತಾರು ಕೋರ್ ಹೆಚ್ಚಿಗೆ ಕೊಂಡು ಗಳಿಸಿದ್ದು ಇಷ್ಟೇ. ಅದೂ ಅರವತ್ನಾಲ್ಕು ಕೋರಿನ ಚಿಪ್ಪು ಎಂಟು ಕೋರಿನದರಷ್ಟೇ ಗಿಗಾಹರ್ಟ್ಸಿನಲ್ಲಿ ಓಡಿದರೆ. ಸಾಮಾನ್ಯವಾಗಿ ಓಡುವುದಿಲ್ಲ.

2004ರಲ್ಲಿ ಗಿಗಾಹರ್ಟ್ಸ್ ಓಟಕ್ಕೆ ತಡೆ ಬಿತ್ತು. 4 ಗಿಗಾಹರ್ಟ್ಸಿನ ಪೆಂಟಿಯಮ್ 4ನ್ನು ಇಂಟೆಲ್ ಕೈಬಿಟ್ಟಿತು, ಮರುವರ್ಷ ಎರಡೂ ಕಂಪನಿಗಳು ಎರಡು ಕೋರಿನ ಡೆಸ್ಕ್‌ಟಾಪ್ ಚಿಪ್ಪು ತಂದವು. ಈ ಘಟ್ಟದಲ್ಲಿ ಬೆಂಗಳೂರಿನ ಹೆಸರೂ ಬರುತ್ತದೆ. ಇಂಟೆಲ್‌ನ ಬೆಂಗಳೂರು ತಂಡ ವೈಟ್‌ಫೀಲ್ಡ್ ಎಂಬ ಸಂಕೇತನಾಮದ ಜಿಯಾನ್ ಚಿಪ್ಪನ್ನು ರೂಪಿಸುತ್ತಿತ್ತು. ಅದು 2005ರಲ್ಲಿ ರದ್ದಾಯಿತು. ಅಷ್ಟಕ್ಕೇ ತಂಡ ಕೈಕಟ್ಟಿ ಕೂರಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಹೊರಬಂದ ಜಿಯಾನ್ 7400, ಅಂದರೆ ಡನ್ನಿಂಗ್ಟನ್, ಬೆಂಗಳೂರಿನಲ್ಲಿ ವಿನ್ಯಾಸಗೊಂಡದ್ದು. 45 ನ್ಯಾನೋಮೀಟರಿನ ಆ ಚಿಪ್ಪಿನಲ್ಲಿ ಆರು ಕೋರ್, 16 ಎಂಬಿ ಕ್ಯಾಶ್, 190 ಕೋಟಿ ಟ್ರಾನ್ಸಿಸ್ಟರ್ ಇದ್ದವು. ಆರು ಕೋರಿನ ಡೆಸ್ಕ್‌ಟಾಪ್ ಚಿಪ್ಪನ್ನು ಇಂಟೆಲ್ ಮಾರುಕಟ್ಟೆಗೆ ಬಿಟ್ಟದ್ದು ಅದಾದ ಒಂದೂವರೆ ವರ್ಷಕ್ಕೆ, 999 ಡಾಲರಿನ ಐ7-980ಎಕ್ಸ್ ಆಗಿ. ನಮ್ಮೂರಿನಲ್ಲಿ ರೂಪುಗೊಂಡ ಚಿಪ್ಪೊಂದರ ಹೆಸರು ನಮ್ಮ ವಿಜ್ಞಾನ ಬರಹಗಳಲ್ಲಿ ಇಷ್ಟು ಅಪರೂಪವಾಗಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮುಂದಿನ ಏಳೆಂಟು ವರ್ಷ ಮಂದಗತಿಯವು. 2011ರ ಎಎಮ್‌ಡಿ ಬುಲ್‌ಡೋಜರ್ ನಿರೀಕ್ಷೆ ಮುಟ್ಟಲಿಲ್ಲ. ಪೈಪೋಟಿ ಇಲ್ಲದ ಇಂಟೆಲ್ ಮನೆಬಳಕೆಯ ಚಿಪ್ಪುಗಳನ್ನು ನಾಲ್ಕು ಕೋರಿನಲ್ಲೇ ನಿಲ್ಲಿಸಿತು. 2014ರಲ್ಲಿ ಎಂಟು ಕೋರಿಗೆ 999 ಡಾಲರ್ ಕೊಡಬೇಕಿತ್ತು, 2016ರಲ್ಲಿ ಹತ್ತು ಕೋರಿಗೆ 1,723 ಡಾಲರ್. ಆ ಕಾಲದಲ್ಲಿ ಕೈಯಲ್ಲಿ ಕಾಸಿಲ್ಲದವರನ್ನು ಕಾಪಾಡಿದ್ದು ಹಳೆಯ ಸರ್ವರ್ ಚಿಪ್ಪುಗಳು. 2012ರಲ್ಲಿ ಒಂದೂವರೆ ಸಾವಿರ ಡಾಲರ್ ದಾಟಿದ್ದ ಎಂಟು ಕೋರಿನ ಜಿಯಾನ್ ಇ5-2670, ಡೇಟಾ ಸೆಂಟರುಗಳು ಯಂತ್ರ ಬದಲಿಸಿದಾಗ 2016ರ ಹೊತ್ತಿಗೆ ನೂರು ಡಾಲರಿಗಿಂತ ಕಡಿಮೆಗೆ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂತು. ವಿಡಿಯೊ ಸಂಕಲನಕ್ಕೂ ರೆಂಡರಿಂಗಿಗೂ ಅದು ವರವೇ ಆಯಿತು. ಆದರೆ ಅದರ ಗರಿಷ್ಠ ವೇಗ 3.3 ಗಿಗಾಹರ್ಟ್ಸ್. 4.2ಕ್ಕೆ ಏರುವ ನಾಲ್ಕು ಕೋರಿನ ಐ7-6700ಕೆ ಬಹಳಷ್ಟು ಆಟಗಳಲ್ಲಿ ಅದನ್ನು ಸುಲಭವಾಗಿ ಹಿಂದೆ ಹಾಕುತ್ತಿತ್ತು.

2017ರಲ್ಲಿ ಕಟ್ಟೆ ಒಡೆಯಿತು. ಮಾರ್ಚಿನಲ್ಲಿ ಎಎಮ್‌ಡಿಯ ಎಂಟು ಕೋರಿನ ರೈಜೆನ್ 7 1800ಎಕ್ಸ್ 499 ಡಾಲರಿಗೆ ಬಂತು. ಜೂನಿನಲ್ಲಿ ಎಪಿಕ್ ಸರ್ವರ್ ಚಿಪ್ಪು, ಆಗಸ್ಟಿನಲ್ಲಿ ಹದಿನಾರು ಕೋರಿನ ಥ್ರೆಡ್‌ರಿಪ್ಪರ್ 1950ಎಕ್ಸ್ 999 ಡಾಲರಿಗೆ. ಎಂಟು ಕೋರಿನ ಒಂದೇ ಬಗೆಯ ಸಿಲಿಕಾನ್ ತುಂಡು ಒಂದಿದ್ದರೆ ರೈಜೆನ್, ಎರಡಾದರೆ ಥ್ರೆಡ್‌ರಿಪ್ಪರ್, ನಾಲ್ಕಾದರೆ ಎಪಿಕ್. ಡೆಸ್ಕ್‌ಟಾಪಿಗೂ ಸರ್ವರಿಗೂ ಬೇರೆ ಬೇರೆ ದೊಡ್ಡ ಚಿಪ್ಪು ಮಾಡುವ ಖರ್ಚು ಇದರಿಂದ ಉಳಿಯಿತು. ಆ ಉಳಿತಾಯವೇ ಬೆಲೆ ಇಳಿಸಿದ್ದು.

ಇಂಟೆಲ್ ಸೆಪ್ಟೆಂಬರಿನಲ್ಲಿ 18 ಕೋರಿನ ಐ9-7980ಎಕ್ಸ್‌ಇಯನ್ನು 1,999 ಡಾಲರಿಗೆ ತಂದಿತು. ಮರುವರ್ಷ ತೈಪೆಯ ಕಂಪ್ಯುಟೆಕ್ಸ್ ಮೇಳದಲ್ಲಿ 28 ಕೋರ್ 5 ಗಿಗಾಹರ್ಟ್ಸಿನಲ್ಲಿ ಓಡುವುದನ್ನು ತೋರಿಸಿತು. ಅದನ್ನು ತಣ್ಣಗಿಡುತ್ತಿದ್ದದ್ದು ಕೈಗಾರಿಕಾ ಚಿಲ್ಲರ್ ಎಂಬುದು ಆಮೇಲೆ ಹೊರಬಿತ್ತು, ಚಿಪ್ಪನ್ನು ಓವರ್‌ಕ್ಲಾಕ್ ಮಾಡಿದ್ದಾಗಿ ಕಂಪನಿಯೂ ಒಪ್ಪಿಕೊಂಡಿತು. ಕೋರ್ ಎಣಿಕೆಯೇ ಪ್ರತಿಷ್ಠೆಯಾದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಎಎಮ್‌ಡಿಯೂ ಅದೇ ಹಳ್ಳಕ್ಕೆ ಬಿತ್ತು. 2018ರ ಥ್ರೆಡ್‌ರಿಪ್ಪರ್ 2990ಡಬ್ಲ್ಯುಎಕ್ಸ್‌ನಲ್ಲಿ 32 ಕೋರ್, ನಾಲ್ಕು ತುಂಡು. ಆದರೆ ಮೆಮೊರಿಗೆ ನೇರ ದಾರಿ ಇದ್ದದ್ದು ಎರಡಕ್ಕೆ ಮಾತ್ರ. ಉಳಿದೆರಡರ ಕೋರುಗಳು ಏನು ಬೇಕೆಂದರೂ ಪಕ್ಕದ ತುಂಡನ್ನು ದಾಟಿಯೇ ತರಿಸಿಕೊಳ್ಳಬೇಕು. ರೆಂಡರಿಂಗಿನಲ್ಲಿ ಅದು ಮಿಂಚಿತು. ವಿಂಡೋಸಿನ ಕೆಲವು ಕೆಲಸಗಳಲ್ಲಿ ಮಾತ್ರ 16 ಕೋರಿನ ತಮ್ಮನಿಗೇ ಸೋತಿತು, ಲಿನಕ್ಸಿನಲ್ಲಿ ಅದಕ್ಕಿಂತ ಎಷ್ಟೋ ಚೆನ್ನಾಗಿ ಓಡಿತು. ಇಷ್ಟೊಂದು ಕೋರ್ ಕಂಡು ಕೆಲವು ಆಟಗಳು ತೆರೆದುಕೊಳ್ಳಲೇ ಇಲ್ಲ. ಅದಕ್ಕೆಂದೇ ಥ್ರೆಡ್‌ರಿಪ್ಪರಿನ ಜೊತೆಗೆ ‘ಗೇಮ್ ಮೋಡ್’ ಎಂಬ ಸೌಲಭ್ಯ ಬರುತ್ತಿತ್ತು. ಅದು ಮಾಡುತ್ತಿದ್ದದ್ದು ಕೊಂಡ ಕೋರುಗಳಲ್ಲಿ ದೊಡ್ಡ ಪಾಲನ್ನು ಮಲಗಿಸುವುದು!

2019ರಲ್ಲಿ ಎಎಮ್‌ಡಿ ಈ ದೋಷವನ್ನು ಬುಡದಿಂದ ತಿದ್ದಿತು. ಕೋರುಗಳು 7 ನ್ಯಾನೋಮೀಟರಿನ ಪುಟ್ಟ ಚಿಪ್ಲೆಟ್ಟುಗಳಲ್ಲಿ ಉಳಿದವು. ಮೆಮೊರಿಯ ಹೊಣೆ ನಡುವಿನ ಬೇರೊಂದು ತುಂಡಿನ ಪಾಲಾಯಿತು. ಎಲ್ಲ ಕೋರಿಗೂ ದೂರ ಹೆಚ್ಚುಕಮ್ಮಿ ಒಂದೇ ಆಯಿತು. ಎಪಿಕ್ 64 ಕೋರಿಗೆ ಏರಿತು, ಸಾಮಾನ್ಯ ಡೆಸ್ಕ್‌ಟಾಪ್ ಸಾಕೆಟ್ಟಿನಲ್ಲೇ 16 ಕೋರಿನ ರೈಜೆನ್ 9 3950ಎಕ್ಸ್ 749 ಡಾಲರಿಗೆ ಸಿಕ್ಕಿತು. ಆ ವರ್ಷದ ನವೆಂಬರಿನಲ್ಲಿ ಇಂಟೆಲ್ ತನ್ನ ಹೊಸ 18 ಕೋರಿನ ಚಿಪ್ಪಿಗೆ ಹಚ್ಚಿದ ಬೆಲೆ 979 ಡಾಲರ್. ಅದರ ಹಿಂದಿನ 18 ಕೋರಿನ ಚಿಪ್ಪಿನ ಬೆಲೆ 1,979 ಇತ್ತು. ಪೈಪೋಟಿ ಇದ್ದರೆ ಗ್ರಾಹಕನಿಗೆ ಏನು ಸಿಗುತ್ತದೆ ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಲಿನಕ್ಸ್ ಕರ್ತೃ ಲೀನಸ್ ಟೊರ್ವಾಲ್ಡ್ಸ್ 2020ರ ಮೇನಲ್ಲಿ 32 ಕೋರಿನ ಥ್ರೆಡ್‌ರಿಪ್ಪರ್ 3970ಎಕ್ಸ್‌ಗೆ ಬದಲಾದರು. ತಮ್ಮ ಪರೀಕ್ಷಾ ಕಂಪೈಲ್‌ಗಳು ಮೂರು ಪಟ್ಟು ಬೇಗ ಮುಗಿಯುತ್ತಿವೆ ಎಂದೂ ತಿಳಿಸಿದರು. ಮರುವರ್ಷದ ಆರಂಭದಲ್ಲಿ ಅವರು ಎತ್ತಿದ ಇನ್ನೊಂದು ಮಾತು ನನಗೆ ಹೆಚ್ಚು ತೂಕದ್ದು ಅನಿಸುತ್ತದೆ. ಮೆಮೊರಿಯಲ್ಲಿ ತಾನಾಗಿ ಮಗುಚುವ ಬಿಟ್ಟನ್ನು ಹಿಡಿದು ಸರಿಪಡಿಸುವ ಇಸಿಸಿ ಸೌಲಭ್ಯವನ್ನು ಸರ್ವರ್ ಚಿಪ್ಪುಗಳಿಗೆ ಮೀಸಲಿಟ್ಟದ್ದಕ್ಕೆ ಇಂಟೆಲ್ಲನ್ನು ಅವರು ಕಟುವಾಗಿ ಟೀಕಿಸಿದರು. ಆಟದಲ್ಲಿ ಒಂದು ಬಿಟ್ ತಪ್ಪಿದರೆ ಹೆಚ್ಚೆಂದರೆ ಆಟ ನಿಂತೀತು. ಸೇತುವೆಯ ವಿನ್ಯಾಸದಲ್ಲೋ ಊರಿನ ಸಹಕಾರಿ ಬ್ಯಾಂಕಿನ ಲೆಕ್ಕದಲ್ಲೋ ತಪ್ಪಿದರೆ ಯಾರಿಗೂ ಗೊತ್ತಾಗದೆ ಉಳಿದುಬಿಡಬಹುದು. ಕೆಲಸದ ಯಂತ್ರ ಕೊಳ್ಳುವವರು ಕೋರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇನ್ನು ಕ್ಯಾಶಿನ ವಿಚಾರ. 2022ರ ಮಾರ್ಚಿನಲ್ಲಿ ಎಎಮ್‌ಡಿ ಕೋರಿನ ಚಿಪ್ಲೆಟ್ಟಿನ ಮೇಲೆ ಕ್ಯಾಶಿನ ಇನ್ನೊಂದು ಪದರ ಜೋಡಿಸಿ, ಒಟ್ಟು 768 ಎಂಬಿ ಕ್ಯಾಶಿನ ಎಪಿಕ್ ತಂದಿತು. ಅದು ಬೇಕಾಗಿದ್ದವರು ಎಂಜಿನಿಯರಿಂಗ್ ಲೆಕ್ಕಾಚಾರದವರು. ಹೊಸ ಚಿಪ್ಪಿನ ವಿನ್ಯಾಸ ಸರಿಯಿದೆಯೇ ಎಂದು ತಂತ್ರಾಂಶದಲ್ಲಿ ಓಡಿಸಿ ನೋಡುವ ವೆರಿಫಿಕೇಷನ್ ಕೆಲಸ, ಅಂದರೆ ಬೆಂಗಳೂರಿನ ಸಾವಿರಾರು ಎಂಜಿನಿಯರರ ನಿತ್ಯದ ಕಸುಬು, ಅದರಲ್ಲಿ ಶೇ 66ರಷ್ಟು ಹೆಚ್ಚು ನಡೆಯುತ್ತದೆ ಎಂದು ಎಎಮ್‌ಡಿ ಹೇಳಿತು. ಮರುತಿಂಗಳೇ ಇದೇ ಪದರ ಹೊತ್ತ ಎಂಟು ಕೋರಿನ ರೈಜೆನ್ 7 5800ಎಕ್ಸ್3ಡಿ 449 ಡಾಲರಿಗೆ ಬಂತು. ಅದರ ಕ್ಯಾಶ್ 96 ಎಂಬಿ. ವೇಗ ಮಾತ್ರ ಪದರವಿಲ್ಲದ 5800ಎಕ್ಸ್‌ಗಿಂತ ಕಡಿಮೆ, 4.7ರ ಬದಲು 4.5 ಗಿಗಾಹರ್ಟ್ಸ್. ರೆಂಡರಿಂಗಿನಲ್ಲಿ ಅದು ತುಸು ಹಿಂದೆಬಿತ್ತು. ಆಟದಲ್ಲಿ ಹನ್ನೆರಡು ಕೋರಿನ 5900ಎಕ್ಸನ್ನೂ ಸರಾಸರಿ ಶೇ 15ರಷ್ಟು ಹಿಂದಿಕ್ಕಿತು ಎಂಬುದು ಕಂಪನಿಯ ಲೆಕ್ಕ. 400 ಬಡಿತ ಕಾಯುವ ಬದಲು 50 ಬಡಿತ ಕಾಯುವುದರ ಫಲ ಇದು. 2024ರ ನವೆಂಬರಿನ 9800ಎಕ್ಸ್3ಡಿಯಲ್ಲಿ ಕ್ಯಾಶಿನ ಪದರ ಕೋರಿನ ಕೆಳಗೆ ಸರಿಯಿತು. ಕೂಲರಿಗೆ ಕೋರ್ ಹತ್ತಿರವಾದ್ದರಿಂದ ವೇಗದ ಆ ಕೊರತೆಯೂ ಬಹುಮಟ್ಟಿಗೆ ತುಂಬಿತು.

ಆಟ, ಕೆಲಸ ಎರಡೂ ಬೇಕು ಎನ್ನುವವರಿಗೆ 16 ಕೋರಿನ 7950ಎಕ್ಸ್3ಡಿ, ಆಮೇಲೆ 9950ಎಕ್ಸ್3ಡಿ ಬಂದವು. ಎರಡರಲ್ಲೂ ಹೆಚ್ಚುವರಿ ಕ್ಯಾಶ್ ಇರುವುದು ಒಂದೇ ಚಿಪ್ಲೆಟ್ಟಿಗೆ. ಆಟ ಶುರುವಾದಾಗ ವಿಂಡೋಸ್ ಅದನ್ನು ಗುರುತಿಸಿ ಇನ್ನೊಂದು ಚಿಪ್ಲೆಟ್ಟನ್ನು ಮಲಗಿಸಬೇಕು. ಗುರುತು ತಪ್ಪಿದರೆ ಲಾಭವೂ ತಪ್ಪಿತು. ಇಂಟೆಲ್ 2021ರಿಂದ ದೊಡ್ಡ, ಚಿಕ್ಕ ಎರಡು ಬಗೆಯ ಕೋರ್ ಬೆರೆಸಿದಾಗಲೂ ಇಂಥದೇ ತೊಡಕು ಬಂತು. ಕೆಲವು ಆಟಗಳ ನಕಲು ತಡೆಯುವ ವ್ಯವಸ್ಥೆ ಚಿಕ್ಕ ಕೋರುಗಳನ್ನು ಬೇರೊಂದು ಕಂಪ್ಯೂಟರ್ ಎಂದೇ ತಿಳಿದು ಆಟ ನಿಲ್ಲಿಸುತ್ತಿತ್ತು.

ಈ ನಡುವೆ ಕರಗಿದ್ದು ಸಾವಿರ ಡಾಲರಿನ ನಡುಮಟ್ಟ. ಇಂಟೆಲ್‌ನ ಎಕ್ಸ್ ಸರಣಿ 2019ಕ್ಕೇ ನಿಂತಿತು. 2022ರಲ್ಲಿ ಥ್ರೆಡ್‌ರಿಪ್ಪರ್ ಬಂದದ್ದು ದುಬಾರಿ ಪ್ರೊ ರೂಪದಲ್ಲಿ ಮಾತ್ರ. 2023ರ ನವೆಂಬರಿನಲ್ಲಿ ಸಾಮಾನ್ಯ ಥ್ರೆಡ್‌ರಿಪ್ಪರ್ ಮರಳಿತು, 24 ಕೋರಿಗೆ 1,499 ಡಾಲರ್, 64 ಕೋರಿಗೆ 4,999. ಹೀಗೆ ಕೊಡುವ ದುಡ್ಡಿನಲ್ಲಿ ಕೋರಿನ ಜೊತೆಗೆ ಬರುವುದು ಎರಡರ ಬದಲು ನಾಲ್ಕು ಮೆಮೊರಿ ಚಾನೆಲ್, ಮೂರ್ನಾಲ್ಕು ಗ್ರಾಫಿಕ್ಸ್ ಕಾರ್ಡಿಗೆ ಸಾಕಾಗುವ ಪಿಸಿಐ ಲೇನುಗಳು. ಎಐ ಮಾದರಿಗಳನ್ನು ಮೇಜಿನ ಮೇಲೆಯೇ ತರಬೇತುಗೊಳಿಸುವವರಿಗೆ ಅದು ಬೇಕು. ಒಂದೇ ಗ್ರಾಫಿಕ್ಸ್ ಕಾರ್ಡಿನಲ್ಲಿ ಆಡುವವರಿಗೆ, ಒಂದಿಷ್ಟು ವಿಡಿಯೊ ಸಂಕಲನ ಮಾಡುವವರಿಗೆ ಬೇಡ. ಆ ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ.

ಇತ್ತೀಚೆಗೆ ಹರಿವು ತಿರುಗಿದೆ. ಆನ್‌ಲೈನ್ ಆಟಗಳನ್ನು ನಡೆಸುವ ಸರ್ವರಿಗೂ ಕೆಲವೇ ಕೋರುಗಳ ವೇಗ ಸಾಕು. ಹಾಗಾಗಿ ಅಂಥ ಕಡೆ ಡೆಸ್ಕ್‌ಟಾಪ್ ಚಿಪ್ಪುಗಳನ್ನೇ ಹಾಕುತ್ತಿದ್ದರು. ಇಂಟೆಲ್‌ನ 13, 14ನೇ ತಲೆಮಾರಿನ ಚಿಪ್ಪುಗಳು ಅತಿ ವೋಲ್ಟೇಜಿನಿಂದ ಹಾಳಾಗುತ್ತಿರುವುದು 2024ರಲ್ಲಿ ಬಯಲಿಗೆ ಬಂದಾಗ, ದೂರಿದವರಲ್ಲಿ ಹಗಲಿರುಳು ಆಟದ ಸರ್ವರ್ ನಡೆಸುವವರೂ ಇದ್ದರು. ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅದೇ ವರ್ಷದ ಮೇನಲ್ಲಿ ಎಎಮ್‌ಡಿ ಎಪಿಕ್ 4004 ಸರಣಿಯನ್ನು ಬಿಡುಗಡೆ ಮಾಡಿತ್ತು. ಅವು ಡೆಸ್ಕ್‌ಟಾಪ್ ಎಎಮ್5 ಸಾಕೆಟ್ಟಿನಲ್ಲೇ ಕೂರುವ, ಇಸಿಸಿ ಮೆಮೊರಿಗೆ ಒಗ್ಗುವ, ರೈಜೆನ್ ತುಂಡುಗಳಿಂದಲೇ ಕಟ್ಟಿದ ಸರ್ವರ್ ಚಿಪ್ಪುಗಳು. ಆಟಗಾರರು ಮೆಚ್ಚಿದ ಕ್ಯಾಶಿನ ಪದರ ಹೊತ್ತ ಎರಡು ಮಾದರಿಗಳೂ ಅವುಗಳಲ್ಲಿವೆ.