ಗೇರುಸೊಪ್ಪೆ ಎಂಬ ಹಡಗಿನ ಬೆಳ್ಳಿ

ಜೋಗ ನೋಡಿಕೊಂಡು, ಹೊನ್ನಾವರ ರಸ್ತೆಯಲ್ಲಿ ಇಳಿದು ಗೇರುಸೊಪ್ಪೆಯ ಚತುರ್ಮುಖ ಬಸದಿಗೂ ಹೋಗಿ ಬರೋಣ ಅಂತ ಮೊನ್ನೆ ಜಯನಗರದ ರೂಮಿನಲ್ಲಿ ಕೂತು ಗೂಗಲಿಸುತ್ತಿದ್ದೆ. ಊರಿನ ಹೆಸರನ್ನು ಬ್ರಿಟಿಷರ ಕಾಲದ ಸ್ಪೆಲಿಂಗಿನಲ್ಲಿ ಟೈಪ್ ಮಾಡಿದೆ ನೋಡಿ, ಬಸದಿಯ ಬದಲು ಬೆಳ್ಳಿ ಗಟ್ಟಿಗಳ ಫೋಟೋ ಬಂತು!

'ಎಸ್.ಎಸ್. ಗೈರ್‌ಸೊಪ್ಪ' ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಸರಕಿನ ಹಡಗು. ನಮ್ಮ ಗೇರುಸೊಪ್ಪೆಯದೇ ಹೆಸರು. ಕಲ್ಕತ್ತೆಯಲ್ಲಿ ಬೆಳ್ಳಿ, ಕಬ್ಬಿಣ, ಚಹಾ ತುಂಬಿಕೊಂಡು ಇಂಗ್ಲೆಂಡಿಗೆ ಹೊರಟಿತ್ತು. ದಾರಿಯಲ್ಲಿ ಕಲ್ಲಿದ್ದಲು ಸಾಲದೆ ಜೊತೆಯ ಹಡಗುಗಳಿಂದ ಬೇರೆಯಾಯಿತು. 1941ರ ಫೆಬ್ರವರಿಯಲ್ಲಿ ಐರ್ಲೆಂಡಿನ ನೈಋತ್ಯಕ್ಕೆ ಜರ್ಮನ್ ಸಬ್‌ಮರೀನ್ ಯು-101 ಅದನ್ನು ಮುಳುಗಿಸಿತು.

2011ರಲ್ಲಿ ಅದನ್ನು ಪತ್ತೆ ಹಚ್ಚಿದ್ದು ಅಮೆರಿಕದ ಒಡಿಸ್ಸಿ ಮರೀನ್ ಕಂಪನಿ. ಆಳ ಸುಮಾರು 4,700 ಮೀಟರ್, ಟೈಟಾನಿಕ್‌ಗಿಂತಲೂ ಹೆಚ್ಚು. ಮನುಷ್ಯ ಇಳಿಯುವ ಮಾತೇ ಇಲ್ಲ, ಎಲ್ಲವೂ ಕೇಬಲ್ಲಿಗೆ ಕಟ್ಟಿದ ರೋಬೋಟ್ ಕೈಗಳದ್ದೇ ಕೆಲಸ. (ನಮ್ಮ ಆಫೀಸಿನ ವಿಪಿಎನ್ ನೆನೆದರೆ ಅವರ ಮೇಲೆ ಗೌರವ ಹೆಚ್ಚುತ್ತದೆ :) ) 2012ರಲ್ಲಿ 1,218 ಗಟ್ಟಿ, 2013ರಲ್ಲಿ 1,574. ಒಂದೊಂದೂ ಸುಮಾರು 35 ಕೆ.ಜಿ.

ಇದೇ ಕಂಪನಿ 2007ರಲ್ಲಿ ಅಟ್ಲಾಂಟಿಕ್ ತಳದಿಂದ ಐದು ಲಕ್ಷಕ್ಕೂ ಹೆಚ್ಚು ನಾಣ್ಯ ಎತ್ತಿ ಫ್ಲಾರಿಡಾಕ್ಕೆ ಸಾಗಿಸಿತ್ತು. ಅವು 1804ರಲ್ಲಿ ಬ್ರಿಟಿಷರು ಮುಳುಗಿಸಿದ ಸ್ಪೇನಿನ 'ಮರ್ಸಿಡಿಸ್' ಹಡಗಿನವು. ಅದು ನಮ್ಮ ಯುದ್ಧನೌಕೆ ಅಂತ ಸ್ಪೇನ್ ಅಮೆರಿಕದ ಕೋರ್ಟಿನಲ್ಲಿ ಕೇಸು ಹಾಕಿ ಗೆದ್ದಿತು. 2012ರಲ್ಲಿ ನಾಣ್ಯಗಳೆಲ್ಲ ವಿಮಾನ ಹತ್ತಿ ಮ್ಯಾಡ್ರಿಡ್‌ಗೆ ಹೋದವು. ಗೈರ್‌ಸೊಪ್ಪ ವಿಷಯದಲ್ಲಿ ಕಂಪನಿ ಹುಷಾರಾಯಿತು, ಮೊದಲೇ ಬ್ರಿಟಿಷ್ ಸರ್ಕಾರದ ಜೊತೆ ಕರಾರು. ಯುದ್ಧಕಾಲದ ವಿಮೆ ಕಟ್ಟಿಕೊಟ್ಟದ್ದು ಸರ್ಕಾರ, ಹಾಗಾಗಿ ಬೆಳ್ಳಿ ಅವರದು. ಖರ್ಚು ಕಳೆದು ಉಳಿದದ್ದರಲ್ಲಿ ಕಂಪನಿಗೆ 80%, ಸರ್ಕಾರಕ್ಕೆ 20%. ಹೊರಟದ್ದು ಕಲ್ಕತ್ತೆಯಿಂದ, ಹೆಸರು ನಮ್ಮ ಊರಿನದು... ಕಾನೂನು ಸರಿಯೇ ಇರಬಹುದು, ಆದರೂ ಒಂಥರಾ ಆಗುತ್ತದೆ.

ನನ್ನನ್ನು ನಿಜಕ್ಕೂ ಕಾಡಿದ್ದು ಬೇರೆ. ಹಡಗಿನಲ್ಲಿದ್ದ ಎಂಬತ್ತಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ನಮ್ಮವರು, ಲಸ್ಕರ್‌ಗಳು ಅಂತ ಕರೆಸಿಕೊಳ್ಳುತ್ತಿದ್ದ ಭಾರತೀಯ ನಾವಿಕರು. ಒಂದು ದೋಣಿ ಮಾತ್ರ ಪಾರಾಯಿತು. ಹದಿಮೂರು ದಿನ ಚಳಿ, ಬಾಯಾರಿಕೆ. ಒಬ್ಬೊಬ್ಬರೇ ಸತ್ತರು. ಇಂಗ್ಲೆಂಡಿನ ಕಾರ್ನ್‌ವಾಲ್ ದಡ ಕಂಡಾಗ ಅಲೆಗೆ ದೋಣಿ ಮಗುಚಿತು. ಉಳಿದವರು ಸೆಕೆಂಡ್ ಆಫೀಸರ್ ರಿಚರ್ಡ್ ಏರ್ಸ್ ಒಬ್ಬರೇ. ನಾನು ಓದಿದ ಸುದ್ದಿಗಳಲ್ಲೆಲ್ಲ ಅವರ ಹೆಸರಿದೆ, ಗಟ್ಟಿಗಳ ಲೆಕ್ಕವಿದೆ. ಒಬ್ಬ ಲಸ್ಕರನ ಹೆಸರೂ ಸಿಗಲಿಲ್ಲ.

ಬೆಳ್ಳಿಯ ಜೊತೆ ಏಳುನೂರಕ್ಕೂ ಹೆಚ್ಚು ಕಾಗದಗಳೂ ಮೇಲೆ ಬಂದವು. ಬೆಳಕು, ಆಮ್ಲಜನಕ ತಾಗದ ಹಾಗೆ ಒತ್ತೊತ್ತಾಗಿ ಕೂತಿದ್ದ ಟಪಾಲು, ಎಪ್ಪತ್ತು ವರ್ಷ ನೀರಿನಲ್ಲಿದ್ದೂ ಓದಲು ಬರುತ್ತಿತ್ತಂತೆ! 2018ರಲ್ಲಿ ಲಂಡನ್ನಿನ ಪೋಸ್ಟಲ್ ಮ್ಯೂಸಿಯಂನಲ್ಲಿ ಅವುಗಳ ಪ್ರದರ್ಶನವೂ ಆಯಿತು.

ಬಸದಿಗೆ ಹೋಗುವ ಪ್ಲಾನ್ ಮುಂದಿನ ತಿಂಗಳಿಗೆ ಹೋಗಿದೆ. ಫೋಟೋ ಆಮೇಲೆ ಹಾಕುತ್ತೇನೆ. ಈ ಹಡಗಿನಲ್ಲಿದ್ದ ನಮ್ಮವರ ಹೆಸರು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.