ಡಬ್ಬದ ಹಾಲಿಗೆ ಸೂಕ್ಷ್ಮಜೀವಿ ಬಂದ ಕಥೆ

ಶಿವಮೊಗ್ಗದ ರವೀಂದ್ರನಗರದ ಯಾವುದಾದರೂ ಔಷಧಿ ಅಂಗಡಿಗೆ ಹೋದಾಗ ಶಿಶು ಆಹಾರದ ಒಂದು ಡಬ್ಬವನ್ನು ಕೈಗೆತ್ತಿಕೊಂಡು ನೋಡಿ. ಅದರ ಮೇಲೆ ಮಗುವಿನ ಚಿತ್ರ ಇರುವುದಿಲ್ಲ. 1992ರ ಕಾಯಿದೆ ಅದನ್ನು ನಿಷೇಧಿಸಿದೆ. ತಾಯಿಯ ಹಾಲೇ ಶ್ರೇಷ್ಠ ಎಂಬ ಮಾತನ್ನು ಅಚ್ಚು ಹಾಕುವುದನ್ನು ಕಡ್ಡಾಯ ಮಾಡಿದೆ. ಇನ್ನು ಘಟಕಗಳ ಪಟ್ಟಿ ಓದಿ. ಕೆಲವು ಡಬ್ಬಗಳಲ್ಲಿ ಪ್ರೋಬಯಾಟಿಕ್, ಪ್ರಿಬಯಾಟಿಕ್ ಎಂಬ ಪದಗಳು ಸಿಗುತ್ತವೆ. ಮೊದಲನೆಯದು ಆರೋಗ್ಯಕ್ಕೆ ಒಳ್ಳೆಯದೆಂದು ಸೇರಿಸುವ ಜೀವಂತ ಸೂಕ್ಷ್ಮಜೀವಿ. ಎರಡನೆಯದು ಮಗುವಿಗೆ ಜೀರ್ಣವಾಗದೆ, ಕರುಳಿನಲ್ಲಿರುವ ಸೂಕ್ಷ್ಮಜೀವಿಗೆ ಊಟವಾಗುವ ಸಕ್ಕರೆ ಸರಪಳಿ. ಮಗುವಿನ ಡಬ್ಬದಲ್ಲಿ ಬ್ಯಾಕ್ಟೀರಿಯಕ್ಕೆ ಊಟ ಏಕೆ ಎಂದು ನಿಮ್ಮ ವಿದ್ಯಾರ್ಥಿ ಕೇಳಿದರೆ ಏನು ಹೇಳುವಿರಿ?

ಉತ್ತರ ಹುಡುಕಲು ಮೈಸೂರಿಗೆ ಹೋಗೋಣ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಆಗ ಡಬ್ಬದ ಶಿಶು ಆಹಾರವೆಂದರೆ ಬಹುಮಟ್ಟಿಗೆ ವಿದೇಶದಿಂದ ಬರುತ್ತಿದ್ದ ಸರಕು. ಎದೆಹಾಲು ಸಾಲದ ಮನೆಗಳಲ್ಲಿ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುತ್ತಿದ್ದರು. ನಮ್ಮಲ್ಲಿ ಹೇರಳವಾಗಿದ್ದದ್ದು ಎಮ್ಮೆಹಾಲು. ಆದರೆ ಅದರ ಕೊಬ್ಬು ಶೇಕಡ 7ರ ಆಸುಪಾಸು, ಎದೆಹಾಲಿನ ಸುಮಾರು ಎರಡರಷ್ಟು. ಪ್ರೋಟೀನೂ ಹೆಚ್ಚು. ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಹೆಪ್ಪುಗಟ್ಟುವುದರಿಂದ ಎಳೆಗೂಸಿಗೆ ಅರಗುವುದು ಕಷ್ಟ. ಮೈಸೂರಿನ ವಿಜ್ಞಾನಿಗಳು ಕೊಬ್ಬನ್ನು ತಗ್ಗಿಸಿ, ಹೆಪ್ಪು ಮೆದುವಾಗುವಂತೆ ಹಾಲನ್ನು ಸಂಸ್ಕರಿಸಿ, ವಿಟಮಿನ್ ಸೇರಿಸಿ, ತುಂತುರಾಗಿ ಸಿಂಪಡಿಸಿ ಒಣಗಿಸುವ ವಿಧಾನ ರೂಪಿಸಿದರು. ಎಮ್ಮೆಹಾಲನ್ನು ಪುಡಿ ಮಾಡಲಾಗದೆಂದು ವಿದೇಶಿ ತಜ್ಞರು ಹೇಳುತ್ತಿದ್ದ ಕಾಲವದು. ಗುಜರಾತಿನ ಆನಂದದಲ್ಲಿ ಎಚ್.ಎಂ. ದಲಾಯ ಅದನ್ನು ಸುಳ್ಳು ಮಾಡಿದ್ದರು. ಮೈಸೂರಿನ ವಿಧಾನವನ್ನು ಕಾರ್ಖಾನೆಗೆ ಒಯ್ದದ್ದೂ ಆನಂದದ ಸಹಕಾರ ಸಂಘವೇ. ಅದು ಅಮುಲ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಸಣ್ಣ ಸಾಧನೆಯಲ್ಲ. ಆದರೆ ಆಗಿನ ಲೆಕ್ಕದಲ್ಲಿ ಇದ್ದದ್ದು ಕೊಬ್ಬು, ಪ್ರೋಟೀನು, ವಿಟಮಿನ್ನು. ಸೂಕ್ಷ್ಮಜೀವಿ ಎಂದರೆ ಕೊಲ್ಲಬೇಕಾದ ಶತ್ರು. ಬಾಟಲಿ ತೊಳೆಯಲು ಶುದ್ಧ ನೀರೇ ಇಲ್ಲದ ಊರುಗಳಲ್ಲಿ ಅದು ತಪ್ಪು ಯೋಚನೆಯೂ ಆಗಿರಲಿಲ್ಲ.

ಆದರೆ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಆನ್ರಿ ಟಿಸಿಯೆ 1899ರಲ್ಲೇ ಎದೆಹಾಲುಣ್ಣುವ ಮಗುವಿನ ಮಲದಿಂದ ಕವಲೊಡೆದ ಆಕಾರದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದ್ದರು. ಇಂದು ಅದನ್ನು ಬಿಫಿಡೊಬ್ಯಾಕ್ಟೀರಿಯ ಎನ್ನುತ್ತೇವೆ. ಎದೆಹಾಲುಣ್ಣುವ ಮಕ್ಕಳಲ್ಲಿ ಅದು ಹೇರಳ, ಬಾಟಲಿ ಹಾಲಿನ ಮಕ್ಕಳಲ್ಲಿ ವಿರಳ. ಕಾರಣ? 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲ್ ಜಿಯೋರ್ಜಿ ಮತ್ತು ಸಂಗಡಿಗರು, ಎದೆಹಾಲಿನಲ್ಲಿರುವ ಕೆಲವು ಸಕ್ಕರೆ ಸರಪಳಿಗಳು ಈ ಬ್ಯಾಕ್ಟೀರಿಯವನ್ನು ಬೆಳೆಸುತ್ತವೆಂದು ತೋರಿಸಿದರು. ಮೈಸೂರಿನಲ್ಲಿ ಎಮ್ಮೆಹಾಲನ್ನು ಪಳಗಿಸುತ್ತಿದ್ದದ್ದೂ ಅದೇ ದಶಕದಲ್ಲಿ ಎಂಬುದನ್ನು ಗಮನಿಸಿ. ಎದೆಹಾಲಿನ ಘನಾಂಶಗಳಲ್ಲಿ ಲ್ಯಾಕ್ಟೋಸ್, ಕೊಬ್ಬುಗಳ ನಂತರದ ಸ್ಥಾನ ಈ ಸರಪಳಿಗಳದ್ದು. ಮಗುವಿಗೆ ಅವು ಅರಗವು. ಅಂದರೆ ತಾಯಿ ಮಗುವಿಗೆ ಮಾತ್ರ ಉಣಿಸುತ್ತಿಲ್ಲ, ಅದರ ಕರುಳಿನ ನೆಂಟರಿಗೂ ಉಣಿಸುತ್ತಾಳೆ. ಹಸುವಿನ ಹಾಲಿನಲ್ಲಿ ಇವು ಅತ್ಯಲ್ಪ.

ಪ್ರಿಬಯಾಟಿಕ್ ಎಂಬ ಪದ ಹುಟ್ಟಿದ್ದು 1995ರಲ್ಲಿ, ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ ಅವರಿಂದ. ಬಳಿಕ ಲ್ಯಾಕ್ಟೋಸಿನಿಂದಲೂ ಚಿಕೋರಿ ಬೇರಿನಿಂದಲೂ ತಯಾರಿಸಿದ ಸರಪಳಿಗಳು ಡಬ್ಬಕ್ಕಿಳಿದವು. ಇವು ಎದೆಹಾಲಿನವುಗಳ ತದ್ರೂಪವಲ್ಲ, ಬದಲಿ ಮಾತ್ರ. ಯುರೋಪಿನ ಮಕ್ಕಳ ಜಠರತಜ್ಞರ ಸಂಘ 2011ರಲ್ಲಿ ಪುರಾವೆಗಳನ್ನೆಲ್ಲ ಜಾಲಾಡಿ, ಇಂಥ ಹಾಲನ್ನು ಎಲ್ಲ ಮಕ್ಕಳಿಗೂ ಶಿಫಾರಸು ಮಾಡಲು ಆಧಾರ ಸಾಲದು ಎಂದಿತು.

ಜೀವಂತ ಬ್ಯಾಕ್ಟೀರಿಯದ್ದು ಇನ್ನೊಂದು ತೊಡಕು. ಹಾಲಿನ ಪುಡಿ ಕ್ರಿಮಿರಹಿತವಲ್ಲ. ಕ್ರೋನೊಬ್ಯಾಕ್ಟರ್ ಎಂಬ ಅಪಾಯಕಾರಿ ಜೀವಿ ಅದರಲ್ಲಿ ಅಪರೂಪಕ್ಕೆ ಇರಬಹುದು. ಆದ್ದರಿಂದ ಕುದಿಸಿದ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುನ್ನವೇ ಪುಡಿ ಬೆರೆಸಬೇಕು, ಆಮೇಲೆ ಆರಿಸಿ ಕುಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸೂಚಿಸಿತು. ಆ ಬಿಸಿಗೆ ಸೇರಿಸಿದ ಪ್ರೋಬಯಾಟಿಕ್ಕೂ ಸಾಯುತ್ತದೆ! ಅದನ್ನು ಉಳಿಸಲೆಂದು ಉಗುರುಬೆಚ್ಚನೆ ನೀರು ಬಳಸಿದರೆ ಶತ್ರುವೂ ಉಳಿಯುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಬಿಸಿ ನೀರೇ ಸರಿ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಪ್ರೋಬಯಾಟಿಕ್ ಬರೀ ಪೊಳ್ಳೇ? ಅಲ್ಲ. ಒಡಿಶಾದ ಹಳ್ಳಿಗಳಲ್ಲಿ ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು 4,556 ನವಜಾತ ಶಿಶುಗಳ ಮೇಲೆ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಿಶುಗಳಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಮತ್ತು ಒಂದು ಪ್ರಿಬಯಾಟಿಕ್ ಕೊಟ್ಟರು. ಉಳಿದವರಿಗೆ ತೋರಿಕೆಯ ಪುಡಿ. ನಂಜು ಅಥವಾ ಸಾವು ಕಂಡ ಶಿಶುಗಳ ಪ್ರಮಾಣ ಶೇಕಡ 9ರಿಂದ 5.4ಕ್ಕೆ ಇಳಿಯಿತು. ಅವು ಎದೆಹಾಲುಣ್ಣುತ್ತಿದ್ದ, 2 ಕಿಲೋಗ್ರಾಮಿಗೆ ಕಡಿಮೆಯಿಲ್ಲದ, ದಿನ ತುಂಬಿದ ಅಥವಾ ಬಹುಪಾಲು ತುಂಬಿದ ಶಿಶುಗಳು. ಫಲ ಆ ಒಂದು ತಳಿಗೆ, ಆ ಮಕ್ಕಳಿಗೆ ಸೇರಿದ್ದು. ಬೇರೊಂದು ತಳಿಯ ಹೆಸರು ಬರೆದ ಡಬ್ಬ ಅದರ ಕೀರ್ತಿಯನ್ನು ಎರವಲು ಪಡೆಯುವಂತಿಲ್ಲ. ಅವಧಿಗೆ ಬಹಳ ಮೊದಲೇ ಹುಟ್ಟಿದ ಶಿಶುಗಳ ವಿಷಯ ಬೇರೆಯೇ: ಪ್ರೋಬಯಾಟಿಕ್ ಪಡೆದಿದ್ದ ಅಂಥ ಒಂದು ಮಗು ಅದೇ ಬ್ಯಾಕ್ಟೀರಿಯದ ಸೋಂಕಿನಿಂದ ತೀರಿಕೊಂಡ ಮೇಲೆ 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಹೊರಡಿಸಿತು.

ಮುಂದಿನ ಸಲ ಡಬ್ಬ ಕೈಗೆ ಬಂದಾಗ ತಳಿಯ ಪೂರ್ಣ ಹೆಸರು ಇದೆಯೇ, ಬೆರೆಸಲು ಯಾವ ಉಷ್ಣತೆಯ ನೀರು ಹೇಳಿದ್ದಾರೆ, ಈ ಎರಡನ್ನು ವಿದ್ಯಾರ್ಥಿಗಳಿಂದ ಓದಿಸಿ.