ಮೀಟಿಂಗ್ ರೂಮಿಗೆ ಎಚ್‌ಡಿ ಬಂದ ಕತೆ

ಈ ಸಲದ ವಿಷಯ ನಾವೆಲ್ಲ ದಿನಾ ಬಳಸೋದು, ಆದ್ರೆ ಎಲ್ಲಿಂದ ಬಂತು ಅಂತ ಯಾವತ್ತೂ ಕೇಳದೇ ಇರೋದು: ಎಚ್‌ಡಿ ವಿಡಿಯೊ ಮೀಟಿಂಗ್. ವಿಡಿಯೊದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೆಲವು ಲೆಕ್ಕಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಮೊದಲು ನನ್ನದೇ ಒಂದು ಪ್ರಸಂಗ. ಎಂಟೆಕ್ ಮುಗಿಸಿ 2014ರಲ್ಲಿ ಹಿಂಜೆವಾಡಿಯ ಒಂದು ಕಂಪನಿ ಸೇರಿದೆ. ದಿನಾ ಸಂಜೆ ಏಳಕ್ಕೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್. ಮೇಜಿನ ಸುತ್ತ ನಾವು ಐದು ಜನ, ಮಧ್ಯೆ ಮೂರು ಕಾಲಿನ ಸ್ಪೀಕರ್ ಫೋನ್. ಆ ಕಡೆಯವರಿಗೆ ಐವರೂ ಸೇರಿ ಒಂದೇ ದನಿ, 'ಪುಣೆ ಟೀಮ್'. ಎರಡು ವಾರ ಒದ್ದಾಡಿ ಹಿಡಿದ ಒಂದು ಬಗ್ ಬಗ್ಗೆ ಒಂದಿನ ನಾನು ಅರ್ಧ ಗಂಟೆ ವಿವರಿಸಿದೆ. ಮರುದಿನ ಬಂದ ಮೆಚ್ಚುಗೆಯ ಮೇಲ್‌ನಲ್ಲಿ ನನ್ನ ಪಕ್ಕ ಕೂತಿದ್ದವನ ಹೆಸರಿತ್ತು. ಅವನೇ ಪಾಪ ಮುಜುಗರಪಟ್ಟುಕೊಂಡ. 'ಹೋಗ್ಲಿ ಬಿಡು' ಅಂತ ನಾನೂ ಸುಮ್ಮನಾದೆ. ಅಪ್ರೈಸಲ್ ಹೊತ್ತಿಗೆ ಲೆಕ್ಕಕ್ಕೆ ಬಂದದ್ದು ಮಾತ್ರ ಆ ಮೇಲ್.

ಅದೇ ಮಹಡಿಯ ತುದಿಯಲ್ಲಿ ಇನ್ನೊಂದು ರೂಮಿತ್ತು. ಮೂರು ದೊಡ್ಡ ಪರದೆ, ಬಾಗಿದ ಮೇಜು, ಬಾಗಿಲಿಗೆ ಸದಾ ಬೀಗ. 'ಟೆಲಿಪ್ರೆಸೆನ್ಸ್ ರೂಮ್' ಅಂತಿದ್ರು. ದೊಡ್ಡ ಸಾಹೇಬರಿಗೆ ಮಾತ್ರ. ಅದರೊಳಗೆ ನಾನು ಕೂತ ದಿನದ ಬಗ್ಗೆ ಆಮೇಲೆ ಹೇಳ್ತೀನಿ. ಮೊದಲು ಆ ರೂಮು ಯಾಕೆ ಹುಟ್ಟಿತು ಅಂತ ನೋಡೋಣ.

ದೂರದಲ್ಲಿರುವವರ ಮುಖ ನೋಡಿ ಮಾತಾಡುವ ಆಸೆ ಟಿವಿಗಿಂತ ಈಚಿನದಲ್ಲ. 1927ರ ಏಪ್ರಿಲ್ 7ರಂದು ಬೆಲ್ ಲ್ಯಾಬ್ಸ್‌ನವರು ವಾಷಿಂಗ್ಟನ್‌ನಲ್ಲಿ ಹರ್ಬರ್ಟ್ ಹೂವರ್ ಅವರನ್ನು ಕೂರಿಸಿ, ನ್ಯೂಯಾರ್ಕ್‌ನಲ್ಲಿ ಅವರ ಮುಖ ತೋರಿಸಿದರು. ಹೂವರ್ ಆಗ ವಾಣಿಜ್ಯ ಮಂತ್ರಿ, ಮುಂದೆ ಅಧ್ಯಕ್ಷರಾದವರು. ಚಿತ್ರದಲ್ಲಿ ಇದ್ದದ್ದು 50 ಗೆರೆ ಅಷ್ಟೇ. ಮಾತು ಎರಡೂ ಕಡೆಗೆ, ಚಿತ್ರ ಒಂದೇ ಕಡೆಗೆ. 1936ರಲ್ಲಿ ಜರ್ಮನಿಯ ಅಂಚೆ ಇಲಾಖೆ ಬರ್ಲಿನ್ ಮತ್ತು ಲೈಪ್‌ಜಿಗ್ ನಡುವೆ ಜನ ದುಡ್ಡು ಕೊಟ್ಟು ಬಳಸಬಹುದಾದ ಸೇವೆಯನ್ನೇ ಶುರು ಮಾಡಿತು. ಯುದ್ಧ ಬಂತು, ಅದೂ ನಿಂತಿತು.

ಬಿಸಿನೆಸ್ಸಿಗೆ ಅಂತಲೇ ಬಂದದ್ದು ಎಟಿ ಅಂಡ್ ಟಿಯ ಪಿಕ್ಚರ್‌ಫೋನ್. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಜನ ಸಾಲುಗಟ್ಟಿ ನೋಡಿದರು. 1970ರ ಜೂನ್ 30ರಂದು ಪಿಟ್ಸ್‌ಬರ್ಗ್‌ನಲ್ಲಿ ವ್ಯಾಪಾರಿ ಸೇವೆ ಶುರುವಾಯಿತು. ಮೊದಲ ಕರೆ ಊರಿನ ಮೇಯರ್‌ರಿಂದ ಆಲ್ಕೋವಾ ಅಲ್ಯುಮಿನಿಯಂ ಕಂಪನಿಯ ಮುಖ್ಯಸ್ಥರಿಗೆ. ಬಾಡಿಗೆ ತಿಂಗಳಿಗೆ 160 ಡಾಲರ್, ಅದರಲ್ಲಿ ಅರ್ಧ ಗಂಟೆ ಮಾತು ಫ್ರೀ, ಆಮೇಲೆ ನಿಮಿಷಕ್ಕೆ 25 ಸೆಂಟ್. ಕೆಲವೇ ವರ್ಷಗಳಲ್ಲಿ ಮಣ್ಣುಮುಕ್ಕಿತು.

ಯಾಕೆ ಅಂದ್ರೆ ಜನ ಸಾಮಾನ್ಯವಾಗಿ ಎರಡು ಕಾರಣ ಹೇಳ್ತಾರೆ: ದುಬಾರಿ, ಮತ್ತೆ ಫೋನಿನಲ್ಲಿ ಮುಖ ತೋರಿಸೋಕೆ ಯಾರಿಗೂ ಇಷ್ಟವಿರಲಿಲ್ಲ. ಎರಡೂ ನಿಜ. ಇಂಜಿನಿಯರ್ ಆಗಿ ನನಗೆ ಕಾಣೋದು ಮೂರನೆಯದು. ಆ ಚಿತ್ರದಲ್ಲಿದ್ದದ್ದು ಸುಮಾರು 250 ಗೆರೆ. ಮುಖ ಕಾಣುತ್ತೆ, ಆದ್ರೆ ಟೈಪ್ ಮಾಡಿದ ಒಂದು ಹಾಳೆ ಹಿಡಿದರೆ ಅಕ್ಷರ ಓದೋಕಾಗಲ್ಲ. ಆಫೀಸಿನ ಮೀಟಿಂಗ್ ಅಂದ್ರೆ ಅರ್ಧ ಕಾಗದ-ಪತ್ರದ ವ್ಯವಹಾರವೇ ಅಲ್ವಾ? ಇಷ್ಟು ಮಸುಕು ಚಿತ್ರಕ್ಕೂ ಲೈನು ಎಷ್ಟು ಬೇಕಿತ್ತು ನೋಡಿ. ಮಾತಿನ ಕರೆಗೆ ಸುಮಾರು 4 ಕಿಲೋಹರ್ಟ್ಸ್ ಸಾಕು. ಪಿಕ್ಚರ್‌ಫೋನಿಗೆ 1 ಮೆಗಾಹರ್ಟ್ಸ್. ಅಂದ್ರೆ 250 ಮಂದಿ ಮಾತಾಡಬಹುದಾದ ಜಾಗವನ್ನು ಒಬ್ಬರ ಮುಖ ತಿಂದುಹಾಕ್ತಿತ್ತು.

ಇದೇ ಲೆಕ್ಕವನ್ನು ಇವತ್ತಿನ ಎಚ್‌ಡಿಗೆ ಹಾಕಿ. 720ಪಿ ಅಂದ್ರೆ 1280 ಅಡ್ಡ, 720 ಉದ್ದ, ಒಟ್ಟು 9,21,600 ಚುಕ್ಕಿ. ಒಂದೊಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್, ಸೆಕೆಂಡಿಗೆ 30 ಚಿತ್ರ. ಗುಣಿಸಿದರೆ ಸೆಕೆಂಡಿಗೆ 66 ಕೋಟಿ ಬಿಟ್, ಅಂದ್ರೆ 660 ಎಂಬಿಪಿಎಸ್‌ಗೂ ಹೆಚ್ಚು. ಇವತ್ತು ನಿಮ್ಮ ಲ್ಯಾಪ್‌ಟಾಪ್ ಅದನ್ನು 1ರಿಂದ 2 ಎಂಬಿಪಿಎಸ್‌ನಲ್ಲಿ ಕಳಿಸುತ್ತೆ. ಉಳಿದದ್ದೆಲ್ಲ ಎಲ್ಲಿ ಹೋಯ್ತು? ಎಸೆದದ್ದು. ಏನನ್ನು ಎಸೆದರೆ ಕಣ್ಣಿಗೆ ಗೊತ್ತಾಗಲ್ಲ ಅನ್ನೋದನ್ನು ಕಂಡುಕೊಂಡ ಕತೆಯೇ ಎಚ್‌ಡಿಯ ಅಸಲಿ ಇತಿಹಾಸ. ಇಲ್ಲಿ ನಮ್ಮೂರಿನವರೊಬ್ಬರು ಬರ್ತಾರೆ.

ನಾಸಿರ್ ಅಹಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ನಾವು ಯುವಿಸಿಇ ಅಂತ ಕರೆಯೋ ಕೆ.ಆರ್. ಸರ್ಕಲ್‌ನ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಬಿಇ ಮುಗಿಸಿ ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದಾಗ, 1972ರಲ್ಲಿ, ಚಿತ್ರವನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆದು ಕುಗ್ಗಿಸುವ ಬಗ್ಗೆ ಸಂಶೋಧನೆಗೆ ದುಡ್ಡು ಕೇಳಿ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿದರು. ಐಡಿಯಾ ತೀರಾ ಸರಳವಾಯ್ತು ಅಂತ ಅರ್ಜಿ ತಿರಸ್ಕಾರವಾಯಿತು. ಪ್ರಾಜೆಕ್ಟ್ ರಿವ್ಯೂನಲ್ಲಿ 'ಇದರಲ್ಲಿ ನಾವೆಲ್ಟಿ ಏನಿದೆ' ಅಂತ ಕೇಳಿಸಿಕೊಂಡ ಎಂಟೆಕ್‌ನವರಿಗೆ ಈ ನೋವು ಗೊತ್ತಿರುತ್ತೆ. ಅನುದಾನ ಇಲ್ಲದೆಯೇ ಅವರು ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಜೊತೆ ಕೆಲಸ ಮುಂದುವರಿಸಿದರು. 1974ರ ಜನವರಿಯಲ್ಲಿ ನಾಲ್ಕೇ ಪುಟದ ಲೇಖನ ಪ್ರಕಟವಾಯಿತು: ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ.

ಅದು ಮಾಡೋದೇನು? ನಿಮ್ಮ ಹಿಂದಿನ ಬಿಳಿ ಗೋಡೆಯಿಂದ ಅಡ್ಡ 8, ಉದ್ದ 8 ಚುಕ್ಕಿಯ ಒಂದು ತುಂಡು ತಗೊಳ್ಳಿ. 64 ಸಂಖ್ಯೆ, ಆದ್ರೆ ಎಲ್ಲವೂ ಹೆಚ್ಚುಕಮ್ಮಿ ಒಂದೇ. ಡಿಸಿಟಿ ಹಾಕಿದರೆ ಅದರ ಸಾರವೆಲ್ಲ ಒಂದು ಮೂಲೆಯ ಒಂದೆರಡು ಸಂಖ್ಯೆಗೆ ಬಂದು ಕೂರುತ್ತೆ, ಉಳಿದವು ಸೊನ್ನೆಯ ಆಸುಪಾಸು. ಆ ಸಣ್ಣವನ್ನು ಬಿಟ್ಟು ಕಳಿಸಿದರೆ ಆ ಕಡೆ ಗೋಡೆ ಗೋಡೆಯ ಹಾಗೇ ಕಾಣುತ್ತೆ. ಇದರ ಜೊತೆಗೆ ಇನ್ನೊಂದು ಉಪಾಯ: ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಅಷ್ಟನ್ನೇ ಕಳಿಸು. ತುಟಿ ಅಲ್ಲಾಡಿತು, ಗೋಡೆ ಅಲ್ಲಾಡಲಿಲ್ಲ; ತುಟಿಯನ್ನಷ್ಟೇ ಕಳಿಸು. (ಅದಕ್ಕೇ ನೆಟ್ ಕಮ್ಮಿ ಇರುವಾಗ ನಿಮ್ಮ ಹಿಂದೆ ಫ್ಯಾನ್ ತಿರುಗ್ತಿದ್ರೆ ಮುಖ ಚೌಕ ಚೌಕ ಆಗೋದು. ಇರೋ ಬಿಟ್‌ನಲ್ಲಿ ಫ್ಯಾನೂ ಪಾಲು ಕೇಳುತ್ತೆ.)

1988ರಲ್ಲಿ ಬಂದ ಎಚ್.261 ಮಾನದಂಡ ಈ ಎರಡನ್ನೂ ಸೇರಿಸಿತು. ಅದು ಐಎಸ್‌ಡಿಎನ್ ಫೋನ್ ಲೈನಿಗೆ ಮಾಡಿದ್ದು, 64 ಕೆಬಿಪಿಎಸ್‌ನ ಎಷ್ಟು ಲೈನ್ ಇದೆಯೋ ಅಷ್ಟನ್ನು ಕಟ್ಟುಕಟ್ಟಿ ಬಳಸುವ ಹಾಗೆ. 90ರ ದಶಕದಲ್ಲಿ ಕಂಪನಿಗಳು ಆರು ಲೈನ್ ಜೋಡಿಸಿ 384 ಕೆಬಿಪಿಎಸ್‌ನಲ್ಲಿ ಮೀಟಿಂಗ್ ಮಾಡ್ತಿದ್ದವು. ಚಿತ್ರದ ಅಳತೆ 352ಕ್ಕೆ 288. ನಮ್ಮ 720ಪಿಯ ಒಂಬತ್ತರಲ್ಲಿ ಒಂದು ಪಾಲು. ಹತ್ತು ಜನ ಕೂತ ಮೇಜನ್ನು ಅಷ್ಟರಲ್ಲಿ ತೋರಿಸಿದರೆ ಒಬ್ಬೊಬ್ಬರ ಮುಖಕ್ಕೆ ಸಿಗೋದು ಹಿಡಿಯಷ್ಟು ಚುಕ್ಕಿ. ಯಾರು ನಕ್ಕರು, ಯಾರು ಹುಬ್ಬು ಗಂಟಿಕ್ಕಿದರು, ಗೊತ್ತಾಗಲ್ಲ.

ಎಚ್‌ಡಿ ಬಾಗಿಲು ತೆರೆದದ್ದು 2003ರ ಎಚ್.264. ಅದರಲ್ಲೂ ಡಿಸಿಟಿಯ ಪೂರ್ಣಾಂಕ ರೂಪವೇ ಇದೆ. 2005ರಲ್ಲಿ ಟೆಕ್ಸಾಸ್‌ನ ಲೈಫ್‌ಸೈಜ್ ಅನ್ನೋ ಹೊಸ ಕಂಪನಿ ಮೀಟಿಂಗ್ ರೂಮಿಗೆ 720ಪಿ ತಂದಿತು. ಅದೇ ವರ್ಷ ಎಚ್‌ಪಿ, ಡ್ರೀಮ್‌ವರ್ಕ್ಸ್ ಅನಿಮೇಶನ್ ಜೊತೆ ಸೇರಿ 'ಹೇಲೋ' ರೂಮ್ ಮಾರಿತು. ಬೆಲೆ ಒಂದು ರೂಮಿಗೆ 5,50,000 ಡಾಲರ್, ತಿಂಗಳಿಗೆ ಮತ್ತೆ 18,000. 2006ರ ಅಕ್ಟೋಬರ್‌ನಲ್ಲಿ ಸಿಸ್ಕೊದ ಟೆಲಿಪ್ರೆಸೆನ್ಸ್ 1080ಪಿಯಲ್ಲಿ ಬಂತು. ಮೂರು ಪರದೆಯ ರೂಮಿಗೆ 2,99,000 ಡಾಲರ್, ಆಗಿನ ಲೆಕ್ಕದಲ್ಲಿ ಒಂದೂಕಾಲು ಕೋಟಿ ರೂಪಾಯಿಗೂ ಮೇಲೆ. ಒಂದು ರೂಮ್ ಕೊಂಡರೆ ಪ್ರಯೋಜನ ಇಲ್ಲ, ಎರಡು ಬೇಕು. ಒಂದೇ ಕಾಲಿನ ಚಪ್ಪಲಿ ಯಾರು ಕೊಳ್ತಾರೆ?

ಈ ರೂಮುಗಳಲ್ಲಿ ನನಗೆ ಇಷ್ಟವಾಗೋದು ಪರದೆಯ ಸುತ್ತಲಿನ ಸಣ್ಣ ಸಣ್ಣ ಉಪಾಯಗಳು. ಎರಡೂ ಕಡೆ ಗೋಡೆಗೆ ಒಂದೇ ಬಣ್ಣ, ಒಂದೇ ಬಗೆಯ ಬೆಳಕು. ಮೇಜು ಇಲ್ಲಿ ಅರ್ಧ, ಅಲ್ಲಿ ಅರ್ಧ; ಪರದೆಯಲ್ಲಿ ಸೇರಿ ಒಂದಾಗುತ್ತೆ. ಎದುರಿನವರು ನಿಜವಾದ ಅಳತೆಯಲ್ಲಿ ಕಾಣ್ತಾರೆ. ಎಡಗಡೆ ಕೂತವರು ಮಾತಾಡಿದರೆ ದನಿ ಎಡಗಡೆಯಿಂದಲೇ ಬರುತ್ತೆ.

ನಾನು ಒಳಗೆ ಹೋದದ್ದು 2015ರಲ್ಲಿ. ಯಾವುದೋ ಸಾಹೇಬರ ಮೀಟಿಂಗ್ ರದ್ದಾಗಿತ್ತು, ನಮ್ಮ ರಿಲೀಸ್ ಗಡಿಬಿಡಿಯಲ್ಲಿತ್ತು, ಮ್ಯಾನೇಜರ್ ಅಡ್ಮಿನ್‌ಗೆ ಹೇಳಿ ಬೀಗ ತೆಗೆಸಿದರು. ಪರದೆ ಬೆಳಗಿದಾಗ ಒಂದು ವರ್ಷದಿಂದ ದನಿಯಾಗಿದ್ದ ಕ್ಲೈಂಟ್ ಎದುರಿಗೆ ಕೂತಿದ್ದರು, ಐವತ್ತು ದಾಟಿದ ಮನುಷ್ಯ, ಕೈಲೊಂದು ಚಹಾ ಮಗ್. ನಾನು ಎರಡು ಮಾತಾಡುವಷ್ಟರಲ್ಲಿ ಅವರು ಕೈ ಎತ್ತಿ ನಿಲ್ಲಿಸಿದರು. ನನ್ನನ್ನೇ ನೋಡ್ತಾ, ಆ ಬಗ್ ಹಿಡಿದದ್ದು ನೀವಾ ಅಂತ ಕೇಳಿದರು. ಪಕ್ಕದವನು ನನಗಿಂತ ಮೊದಲು 'ಯೆಸ್' ಅಂದ. ಆ ವರ್ಷದ ಅಪ್ರೈಸಲ್ ಮುಗಿದುಹೋಗಿತ್ತು, ಅದು ಬೇರೆ ಮಾತು. ಆದ್ರೆ ಅವತ್ತಿನಿಂದ ಅವರು ನನ್ನನ್ನು ಹೆಸರು ಹಿಡಿದು ಕೇಳೋಕೆ ಶುರು ಮಾಡಿದರು, ಮತ್ತೆ ಸ್ಪೀಕರ್ ಫೋನಿಗೆ ಮರಳಿದ ಮೇಲೂ.

ಎಚ್‌ಡಿಯಿಂದ ಆಗದೇ ಇರೋದನ್ನೂ ಹೇಳಬೇಕು. ಬೆಳಕು ಗಾಜಿನ ತಂತಿಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ. ಮುಂಬೈಯಿಂದ ನ್ಯೂಯಾರ್ಕ್ ನೇರವಾಗಿ ಸುಮಾರು 12,500 ಕಿಲೋಮೀಟರ್, ಅಂದ್ರೆ ಒಂದು ಕಡೆಗೆ 60 ಮಿಲಿಸೆಕೆಂಡ್ ಕಟ್ಟಿಟ್ಟ ಬುತ್ತಿ. ಕೇಬಲ್ ನೇರವಾಗಿ ಹೋಗಲ್ಲ; ಕುಗ್ಗಿಸೋಕೆ, ಬಿಚ್ಚೋಕೆ ಮತ್ತಷ್ಟು ಹೊತ್ತು. ಒಂದು ಕಡೆಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸಹಜ ಅನ್ನಿಸುತ್ತೆ ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ ಹೇಳುತ್ತೆ. ದಾಟಿದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೀತಾರೆ, ಇಬ್ಬರೂ 'ಸಾರಿ, ಯು ಗೋ' ಅಂತಾರೆ. ಆಗ ಸುಮ್ಮನಾಗೋದು ಸಾಮಾನ್ಯವಾಗಿ ನಾವೇ. ಚುಕ್ಕಿ ಎಷ್ಟೇ ಹೆಚ್ಚಿಸಿ, ಈ ತಡ ಒಂದು ಮಿಲಿಸೆಕೆಂಡೂ ಕಮ್ಮಿ ಆಗಲ್ಲ. ಐಟಿಯವರಿಗೆ ನನ್ನ ಸಲಹೆ: ದುಡ್ಡಿದ್ದರೆ ಮೊದಲು ಒಳ್ಳೆ ಮೈಕ್ ತಗೊಳ್ಳಿ, ವೈಫೈ ಬಿಟ್ಟು ವೈರ್ ಹಾಕಿ, ಕ್ಯಾಮೆರಾ ಆಮೇಲೆ.

ಕೋಟಿ ರೂಪಾಯಿಯ ರೂಮುಗಳ ಆಯಸ್ಸು ಹೆಚ್ಚಿರಲಿಲ್ಲ. ಎಚ್‌ಪಿ 2011ರಲ್ಲಿ ಹೇಲೋವನ್ನು ಪಾಲಿಕಾಮ್‌ಗೆ ಮಾರಿತು. ಅದೇ ವರ್ಷ ಬ್ರೌಸರ್‌ನಲ್ಲೇ ವಿಡಿಯೊ ಓಡಿಸುವ ವೆಬ್‌ಆರ್‌ಟಿಸಿಯನ್ನು ಗೂಗಲ್ ಎಲ್ಲರಿಗೂ ಬಿಟ್ಟುಕೊಟ್ಟಿತು. ಸಿಸ್ಕೊ ಬಿಟ್ಟು ಬಂದ ಎರಿಕ್ ಯುವಾನ್ ಝೂಮ್ ಕಟ್ಟೋಕೆ ಕೂತದ್ದೂ ಆ ವರ್ಷವೇ. 2020ರ ಮಾರ್ಚ್‌ನಲ್ಲಿ ನಾವೆಲ್ಲ ಮನೆ ಸೇರಿದಾಗ ನೆಟ್ ತಡೆಯಲ್ಲ ಅನ್ನೋ ಭಯಕ್ಕೆ ಭಾರತದಲ್ಲಿ ವಿಡಿಯೊ ಕಂಪನಿಗಳೇ ಸಿನಿಮಾ, ಸೀರಿಯಲ್‌ಗಳನ್ನು ಮೊಬೈಲ್‌ನಲ್ಲಿ 480ಪಿಗೆ ಇಳಿಸಿದವು. ಮನರಂಜನೆ ಎಚ್‌ಡಿ ಬಿಟ್ಟುಕೊಟ್ಟ ಆ ವಾರಗಳಲ್ಲೇ ವಿಡಿಯೊ ಮೀಟಿಂಗ್ ಊಟದ ಮೇಜಿಗೆ ಬಂದು ಕೂತಿತು. 2021ರಲ್ಲಿ ಅಮೆರಿಕದ 'ದಿಸ್ ಈಸ್ ಅಸ್' ಸೀರಿಯಲ್ ಒಂದು ಕಂತಿನಲ್ಲಿ ನಾಸಿರ್ ಅಹಮದ್ ಮತ್ತವರ ಹೆಂಡತಿಯ ಕತೆಯನ್ನೇ ತೋರಿಸಿತು, ಒಂದು ಕುಟುಂಬ ವಿಡಿಯೊ ಕಾಲ್‌ನಲ್ಲಿ ಮಗುವಿನ ಹುಟ್ಟಿಗೆ ಕಾಯುವ ದೃಶ್ಯಗಳ ಜೊತೆ.

ನಮ್ಮ ಆಫೀಸಿನ ಆ ರೂಮು ಈಗಿಲ್ಲ. ಪರದೆ ಕಿತ್ತು ಟೇಬಲ್ ಟೆನಿಸ್ ಟೇಬಲ್ ಹಾಕಿದ್ದಾರೆ ಅಂತ ಹಳೇ ಗೆಳೆಯ ಫೋಟೊ ಕಳಿಸಿದ್ದ. ನನ್ನ ಈಗಿನ ಲ್ಯಾಪ್‌ಟಾಪಲ್ಲೇ 1080ಪಿ ಕ್ಯಾಮೆರಾ ಇದೆ, ಹೊಸಬರಿಗೂ ಅದೇ ಲ್ಯಾಪ್‌ಟಾಪ್. ನಿನ್ನೆ ಸ್ಟ್ಯಾಂಡ್‌ಅಪ್‌ನಲ್ಲಿ ಹನ್ನೊಂದು ಜನ ಇದ್ವಿ. ಒಂಬತ್ತು ಕಪ್ಪು ಚೌಕ, ಮಧ್ಯೆ ಇನಿಶಿಯಲ್. ಕ್ಯಾಮೆರಾ ಆನ್ ಇದ್ದದ್ದು ನನ್ನದು, ಮತ್ತೆ ಹೋದ ವಾರ ಸೇರಿದ ಗುಲ್ಬರ್ಗದ ಒಬ್ಬ ಹುಡುಗಿಯದು. ಒಂದು ಡಿಫೆಕ್ಟ್ ಮುಚ್ಚಿದ್ದು ಯಾರು ಅಂತ ಆ ಕಡೆಯ ಮ್ಯಾನೇಜರ್ ಕೇಳಿದಾಗ ಆಕೆ ಕೈ ಎತ್ತಿದಳು.